ಬೈಗುಳವನ್ನು ಟ್ರೇಡ್‌ಮಾರ್ಕ್ ಮಾಡಬಹುದಾ? ಸಣ್ಣ ವ್ಯಾಪಾರಿಗಳ ಗುಂಪಿನಲ್ಲಿ ವಕೀಲೆಗೆ ಪ್ರಶ್ನೆಗಳು

ಮಲ್ಪೆ ಸದಸ್ಯೆ: ಮೇಡಂ, ಅಮ್ಮ ಮೀನು ಮಾರಿ ನನ್ನನ್ನು ಓದಿಸಿದರು. ಕಾಲೇಜಿನಲ್ಲಿ ನನಗೆ ‘ಮೀನ್‌ನಾತ’ ಅಂತಲೇ ಹೆಸರು. ಈಗ ಅದನ್ನೇ ದೋಣಿಗೆ ಬರೆಯುವಂಥ ದಪ್ಪ ಅಕ್ಷರದಲ್ಲಿ ಟೀಶರ್ಟಿಗೆ ಹಾಕಿ ಮಾರುತ್ತಿದ್ದೇನೆ. ರಿಜಿಸ್ಟರ್ ಆಗುತ್ತದಾ?

ಕಂಕನಾಡಿ ಸದಸ್ಯ: ಫೀಸ್ ಎಷ್ಟು ಮೇಡಂ?

ವಕೀಲೆ: ಒಬ್ಬರೇ ನಡೆಸುವ ವ್ಯಾಪಾರಕ್ಕೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸಿಗೆ, ಅಂದರೆ ಸರಕು-ಸೇವೆಗಳ ಒಂದು ವರ್ಗಕ್ಕೆ, 4,500 ರೂ.

ವಕೀಲೆ: ಮಲ್ಪೆಯವರೇ, ನಿಮ್ಮ ಪ್ರಶ್ನೆ ನಿನ್ನೆಯಿಂದ ತಲೆಯಲ್ಲೇ ಇದೆ. ಅಮೆರಿಕದಲ್ಲಿ ಸೈಮನ್ ಟ್ಯಾಮ್ ತಮ್ಮ ಬ್ಯಾಂಡಿಗೆ ‘ದಿ ಸ್ಲ್ಯಾಂಟ್ಸ್’ ಎಂದು ಹೆಸರಿಟ್ಟರು. ಏಷ್ಯಾ ಮೂಲದವರ ಕಣ್ಣನ್ನು ಹಂಗಿಸುವ ಮಾತದು. ಬ್ಯಾಂಡಿನವರೂ ಏಷ್ಯಾ ಮೂಲದವರೇ. ನೋಂದಣಿ ಸಿಗಲಿಲ್ಲ. ಹೀಯಾಳಿಕೆ ಅಂತ ಹೆಸರು ತಳ್ಳಿಹಾಕುವ ಆ ನಿಯಮವೇ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9(2) ಸೆಕ್ಷನ್ ಧಾರ್ಮಿಕ ಭಾವನೆಗೆ ನೋವಾಗುವ, ಅಶ್ಲೀಲವಾದ, ಅಸಭ್ಯವಾದ ಹೆಸರುಗಳನ್ನು ತಡೆಯುತ್ತದೆ. ಹೀಯಾಳಿಕೆ ಎಂಬ ಮಾತು ಅದರಲ್ಲಿಲ್ಲ. ‘ನಾತ’ ಅಶ್ಲೀಲವೂ ಅಲ್ಲ. ಟೀಶರ್ಟಿಗೆ, ಅಂದರೆ 25ನೇ ಕ್ಲಾಸಿಗೆ, ಗಟ್ಟಿಯಾಗಿ ವಾದ ಮಾಡಬಹುದು. ಒಣಮೀನಿಗಾದರೆ ಕಷ್ಟ, ಸರಕಿನ ಗುಣವನ್ನೇ ಹೇಳುವ ಪದ ಅಂತಾರೆ. ಅರ್ಜಿ ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೊಂದುಕೊಂಡು ನಿಮ್ಮವರೇ ಬರಬಹುದು. ಮೊದಲು ಅಮ್ಮನ ಹತ್ತಿರ, ಬಂದರಿನ ಹೆಂಗಸರ ಹತ್ತಿರ ಮಾತಾಡಿ.

ಕಾಪು ಸದಸ್ಯ: ಬಂದದ್ದನ್ನು ಕಳಿಸಿದ್ದೇನೆ: ‘ಅಮೆರಿಕದ ತೀರ್ಪು ಲಗತ್ತಿಸಿದರೆ ಯಾವ ಹೆಸರೂ ಪಾಸ್! ಒಂದಕ್ಷರ ಬದಲಿಸಿದರೂ ಸಾಕು!’

ವಕೀಲೆ: ಇದನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಆ ತೀರ್ಪು ನಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯನ್ನು ಕಟ್ಟಿಹಾಕುವುದಿಲ್ಲ. ನಮ್ಮ ಸಂವಿಧಾನದ 19(2) ಸಭ್ಯತೆ, ನೈತಿಕತೆಗಾಗಿ ಮಾತಿಗೆ ಮಿತಿ ಹಾಕಲು ಬಿಡುತ್ತದೆ. ಅಕ್ಷರ ಬದಲಿಸಿದರೂ ಕಿವಿಗೆ ಅದೇ ಕೇಳುತ್ತದಲ್ವಾ? ಮೂರನೇ ಸಲ ಬಂತು ಈ ಮೆಸೇಜ್.

ಕುತ್ತಾರು ಸದಸ್ಯ: ಕೊರಗಜ್ಜ ದೈವದ ಹೆಸರಲ್ಲಿ ಚಕ್ಕುಲಿ ಬ್ರಾಂಡ್?

ವಕೀಲೆ: ಬೇಡ. ಅಗರಬತ್ತಿಗೆ ‘ರಾಮಾಯಣ’ ಹೆಸರು ಒಬ್ಬರ ಸ್ವತ್ತಾಗಲು 2015ರಲ್ಲಿ ಸುಪ್ರೀಂ ಕೋರ್ಟ್ ಬಿಡಲಿಲ್ಲ.

ಕುತ್ತಾರು ಸದಸ್ಯ: ಅಜ್ಜನಿಗೆ ಹರಕೆ ಕೊಡುವುದೇ ಚಕ್ಕುಲಿ!

ಸುರತ್ಕಲ್ ಸದಸ್ಯ: ತಿಂದು ಪ್ಯಾಕೆಟನ್ನು ಚರಂಡಿಗೆ ಎಸೀತಾರೆ. ಆಗ ಅಜ್ಜನ ಹೆಸರು ಎಲ್ಲಿರುತ್ತದೆ?

ಕುತ್ತಾರು ಸದಸ್ಯ: ಬಸ್ಸಿಗೆ ದೈವದ ಹೆಸರಿಟ್ಟರೆ ಸುಮ್ನಿರ್ತೀರಿ.

ಸುರತ್ಕಲ್ ಸದಸ್ಯ: ಅದು ರಕ್ಷಣೆಗೆ. ನಿಮ್ಮದು ಲಾಭಕ್ಕೆ.

ಕುತ್ತಾರು ಸದಸ್ಯ: ಬಸ್ಸಿನವರು ಪುಕ್ಕಟೆ ಓಡಿಸ್ತಾರಾ? ನಿಮ್ಮನ್ನು ಕೇಳಿದವರು ಯಾರು?

ಮಣಿಪಾಲ ಸದಸ್ಯ: ಸೆಲೂನಿಗೆ ಯಾವ ಕ್ಲಾಸ್ ಮೇಡಂ?

ಕಂಕನಾಡಿ ಸದಸ್ಯ: ಫೀಸ್?

ವಕೀಲೆ: ಫೀಸ್ ಮೇಲೆ ಬರೆದಿದ್ದೇನೆ, ಓದಿ. ಕುತ್ತಾರಿನವರೇ, ಹೆಸರು ಬಳಸುವುದು ಬೇರೆ, ‘ಇದು ನನಗೊಬ್ಬನಿಗೇ’ ಅನ್ನುವುದು ಬೇರೆ. ಜಗಳ ಇಲ್ಲಿ ಬೇಡ.

ಮಲ್ಪೆ ಸದಸ್ಯೆ: ಅಮ್ಮನಿಗೆ ಟೀಶರ್ಟ್ ತೋರಿಸಿದೆ. ‘ನಾನು ಕೈ ತಿಕ್ಕಿ ತಿಕ್ಕಿ ತೊಳೆದು ನಿನ್ನ ಕಾಲೇಜಿಗೆ ಬರುತ್ತಿದ್ದೆ, ನೀನು ಎದೆ ಮೇಲೆ ಬರೆದುಕೊಂಡಿಯಾ’ ಅಂದರು. ಮಾರುವುದನ್ನೂ ನಿಲ್ಲಿಸಬೇಕಾ ಮೇಡಂ?

ವಕೀಲೆ: ಕಾನೂನು ನಿಲ್ಲಿಸು ಅನ್ನುವುದಿಲ್ಲ. ನೋಂದಣಿ ಇಲ್ಲದೆಯೂ ಹೆಸರು ಬಳಸಬಹುದು. ವೃತ್ತದೊಳಗೆ ‘ಆರ್’ ಮಾತ್ರ ಹಾಕಬೇಡಿ, ನೋಂದಣಿ ಆಗದೆ ಹಾಕಿದರೆ ದಂಡ ಬೀಳಬಹುದು. ಅರ್ಜಿ ಈಗಲೇ ಬೇಡ. ಅಮ್ಮ ಒಪ್ಪಿದ ದಿನ ಬನ್ನಿ, ನಾನೇ ಬರೆದುಕೊಡುತ್ತೇನೆ.