ಹೈ ಪ್ರೆಶರ್ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡಿದವರು ಹೇಳಿ, ಸೇರಬಹುದಾ?

ತುಮಕೂರಿನ ಹೊಸಬ:
ಎಂಎಸ್ಸಿ ಫಿಸಿಕ್ಸ್ ಮುಗಿದಿದೆ, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆಗಿದೆ. ಭೂಮಿಯ ಆಳದ ಖನಿಜಗಳ ಮೇಲೆ ಕೆಲಸ ಮಾಡುವ ಆಸೆ. ಒಂದು ಕಡೆ ಡೈಮಂಡ್ ಆನ್ವಿಲ್ ಲ್ಯಾಬ್ (ಎರಡು ವಜ್ರಗಳ ನಡುವೆ ಸ್ಯಾಂಪಲ್ ಒತ್ತುವುದು), ಇನ್ನೊಂದು ಕಡೆ ಬರೀ ಕಂಪ್ಯೂಟರ್ ಸಿಮ್ಯುಲೇಶನ್. ಎರಡೂ ಕಡೆ ಕರೆದಿದ್ದಾರೆ. ತಂಗಿ ಇನ್ನೂ ಓದುತ್ತಿದ್ದಾಳೆ, ಐದು ವರ್ಷದಲ್ಲಿ ಮುಗಿಸಲೇಬೇಕು. ಅನುಭವ ಇದ್ದವರು ಹೇಳಿ.

ಮಾಣಿಕ್ಯದ ಚೂರು:
ನನಗೆ ಏಳು ವರ್ಷ ಹಿಡಿಯಿತು. ಮೊದಲ ವರ್ಷ ಪೂರ್ತಿ ಗ್ಯಾಸ್ಕೆಟ್‌ಗೇ, ಅಂದರೆ ವಜ್ರಗಳ ನಡುವೆ ಸ್ಯಾಂಪಲ್ ಹಿಡಿದಿಡುವ ಲೋಹದ ತಗಡಿಗೇ ಹೋಯಿತು. ರೀನಿಯಂ ತಗಡನ್ನು 40 ಮೈಕ್ರಾನ್‌ಗೆ ಒತ್ತಿ, ನಟ್ಟನಡುವೆ 100 ಮೈಕ್ರಾನ್ ತೂತು ಹಾಕಬೇಕು. ತೂತು ಚೂರು ಪಕ್ಕಕ್ಕೆ ಬಿದ್ದರೂ ಒತ್ತಡ ಏರಿಸುವಾಗ ಅಂಚಿಗೆ ಓಡುತ್ತದೆ. ಎರಡನೇ ವರ್ಷ, 34 ಗಿಗಾಪಾಸ್ಕಲ್ (ಒತ್ತಡದ ಅಳತೆ) ಮುಟ್ಟಿದಾಗ ಟಿಕ್ ಅಂತ ಸದ್ದು. ಮೇಲಿನ ವಜ್ರ ಬಿರುಕು ಬಿಟ್ಟಿತ್ತು. ಜೋಡಿಗೆ ಎರಡು ಲಕ್ಷದ ಮೇಲೆ ಕೊಟ್ಟಿದ್ದರು. ಗೈಡ್ ಮೂರು ವಾರ ಮಾತಾಡಲಿಲ್ಲ. ಹೊಸ ಜೋಡಿ ಬರಲು ಎಂಟು ತಿಂಗಳು.

ಕೊನೆಗೆ ಹ್ಯಾಂಬರ್ಗ್‌ನ ಪೆಟ್ರಾ-3 ಎಕ್ಸ್-ರೇ ಕೇಂದ್ರದಲ್ಲಿ ಬೀಮ್‌ಟೈಮ್ (ಪ್ರಯೋಗಕ್ಕೆ ಸಮಯ) ಸಿಕ್ಕಿತು. ಒಂಬತ್ತು ಶಿಫ್ಟ್, 72 ಗಂಟೆ. ವಜ್ರದ ಜೋಡಿ ಇರುವ ನಾಲ್ಕು ಸೆಲ್ ಲೋಡ್ ಮಾಡಿ ಒಯ್ದಿದ್ದೆ. ಮೂರು ಬ್ಲೋ ಔಟ್ ಆದವು. ನಾಲ್ಕನೆಯದು 58 ಗಿಗಾಪಾಸ್ಕಲ್ ಮುಟ್ಟಿತು, ಅಂದರೆ ಸುಮಾರು 1,400 ಕಿ.ಮೀ. ಆಳದ ಒತ್ತಡ. ಬೆಳಗಿನ ಜಾವ ನಾಲ್ಕಕ್ಕೆ ಪರದೆಯ ಮೇಲೆ ಬ್ರಿಡ್ಜ್‌ಮನೈಟ್‌ನ (ಭೂಮಿಯ ಕೆಳ ಮ್ಯಾಂಟಲ್‌ನ ಮುಖ್ಯ ಖನಿಜ) ಎಕ್ಸ್-ರೇ ಉಂಗುರಗಳು ಮೂಡಿದವು. ನಾನು ಅತ್ತುಬಿಟ್ಟೆ. ಐದು ವರ್ಷಕ್ಕೆ ಫೆಲೋಶಿಪ್ ನಿಂತಿತ್ತು. ಕೊನೆಯ ಎರಡು ವರ್ಷ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟಿದೆ. ಆದರೂ ಹೇಳುತ್ತೇನೆ, ಸೇರಿ.

ಕ್ಲಸ್ಟರ್ ಕ್ಯೂ:
ಟ್ಯೂಷನ್ ಹೇಳಿ ಬದುಕಿದವರು ತಂಗಿ ಓದುತ್ತಿರುವ ಹುಡುಗನಿಗೆ ಸೇರು ಅನ್ನುತ್ತಾರಲ್ಲ! ನಾನು ಸಿಮ್ಯುಲೇಶನ್, ನಾಲ್ಕೂವರೆ ವರ್ಷಕ್ಕೆ ಮುಗಿಸಿದೆ. ನಮಗೂ ಕಷ್ಟ ಇತ್ತು. ಕ್ಲಸ್ಟರ್ ಕಂಪ್ಯೂಟರಿನಲ್ಲಿ ಒಂದು ಲೆಕ್ಕ ಓಡಿಸಲು ಹನ್ನೊಂದು ದಿನ ಕ್ಯೂ. ಮೂರನೇ ವರ್ಷ ಸ್ಟೋರೇಜ್ ಕೆಟ್ಟು ನಾಲ್ಕು ತಿಂಗಳ ಔಟ್‌ಪುಟ್ ಹೋಯಿತು, ಬ್ಯಾಕಪ್ ಇರಲಿಲ್ಲ. ಹೊಟ್ಟೆಗೆ ಅನ್ನ ಸೇರಲಿಲ್ಲ. ಆದರೆ ವಜ್ರಕ್ಕೆ ಕಾಯಬೇಕಿರಲಿಲ್ಲ. 364 ಗಿಗಾಪಾಸ್ಕಲ್, ಭೂಮಿಯ ನಡುಮಧ್ಯದ ಒತ್ತಡ, ನಮಗೆ ಇನ್‌ಪುಟ್ ಫೈಲಿನ ಒಂದು ಸಾಲು.

ಮಾಣಿಕ್ಯದ ಚೂರು:
ಆ ಒಂದು ಸಾಲು ಸರಿ ಅಂತ ಯಾರು ಹೇಳಬೇಕು? 2004ರಲ್ಲಿ ಪೋಸ್ಟ್-ಪೆರೋವ್‌ಸ್ಕೈಟ್ (ಬ್ರಿಡ್ಜ್‌ಮನೈಟ್ ಇನ್ನೂ ಆಳದಲ್ಲಿ ತಾಳುವ ರೂಪ) ಸಿಕ್ಕಿದ್ದು ಜಪಾನಿನ ಸ್ಪ್ರಿಂಗ್-8 ಕೇಂದ್ರದ ಎಕ್ಸ್-ರೇಯಲ್ಲಿ. 125 ಗಿಗಾಪಾಸ್ಕಲ್, 2,500 ಕೆಲ್ವಿನ್. ಕೈಯಲ್ಲಿ ಮಾಡಿದ ಪ್ರಯೋಗ.

ಕ್ಲಸ್ಟರ್ ಕ್ಯೂ:
ಅದರ ರಚನೆ ಸ್ಥಿರ ಅಂತ ಲೆಕ್ಕದಿಂದ ತೋರಿಸಿದ್ದೂ ಅದೇ ವರ್ಷ. ಅರ್ಧ ಕಥೆ ಹೇಳಬೇಡಿ.

ಬೈರಾಯ್ತ್‌ನಿಂದ ಬಂದವಳು:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಆ ಹುಡುಗ ಕೆಲಸದ ಬಗ್ಗೆಯೂ ಯೋಚಿಸಬೇಕಲ್ವಾ? ನಾನು ಜರ್ಮನಿಯಲ್ಲಿ ಮೂರು ವರ್ಷ ಮಲ್ಟಿ-ಆನ್ವಿಲ್ ಪ್ರೆಸ್ (ಹಲವು ಕಡೆಯಿಂದ ಒತ್ತುವ ದೊಡ್ಡ ಯಂತ್ರ) ನಡೆಸಿದೆ. ಊರಿಗೆ ಬಂದರೆ ಅಂಥ ಪ್ರೆಸ್ ಇರುವ ಕೆಲಸ ಸಿಗಲಿಲ್ಲ. ದುಡ್ಡಿದೆ ಅಂತ ಹೈಡ್ರೈಡ್ ಸೂಪರ್‌ಕಂಡಕ್ಟರ್‌ಗೆ (ವಿದ್ಯುತ್ತಿಗೆ ತಡೆಯೇ ಒಡ್ಡದ, ಹೈಡ್ರೋಜನ್ ಸೇರಿದ ವಸ್ತು) ಹಾರಿದೆ. 2015ರಲ್ಲಿ ಗಂಧಕದ ಹೈಡ್ರೈಡ್ 203 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗಿದ್ದು ಕಂಡಾಗಿನಿಂದ ಎಲ್ಲರೂ ಅದರ ಹಿಂದೆ. ಆಮೇಲೆ ಕೋಣೆಯ ಉಷ್ಣತೆಯದ್ದು ಅಂದ 2020ರ ಪೇಪರನ್ನು 2022ರಲ್ಲಿ ಹಿಂತೆಗೆದರು. 2023ರಲ್ಲಿ ಅಂಥದ್ದೇ ಲುಟೀಷಿಯಂ ಪೇಪರನ್ನೂ ಹಿಂತೆಗೆದರು. ಅದಾದ ಮೇಲೆ ನನ್ನ ಪ್ರಾಜೆಕ್ಟ್ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ "ನಿಮ್ಮ ಡೇಟಾ ನಂಬಬಹುದಾ?" ಯಾರೋ ಮಾಡಿದ್ದಕ್ಕೆ ನಾನು ತಲೆ ತಗ್ಗಿಸಿ ಕೂತೆ. ಈಗ ಡಿಗ್ರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್.

ಮಾಣಿಕ್ಯದ ಚೂರು:
ದುಡ್ಡಿನ ಹಿಂದೆ ಹೋಗಿದ್ದು ನೀವು. ಭೂಮಿ ಖನಿಜದಲ್ಲೇ ಉಳಿಯಬಹುದಿತ್ತು.

ಬೈರಾಯ್ತ್‌ನಿಂದ ಬಂದವಳು:
ಒಂದೂವರೆ ವರ್ಷದ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಪ್ರೆಸ್ ಕಾದವಳು ನಾನು. ನನಗೆ ಆ ಮಾತು ಹೇಳಬೇಡಿ.

ಗೌರಿಬಿದನೂರು ಕಡೆಯವನು:
ನನ್ನದು ಭೂಕಂಪದ ಅಲೆಗಳ ಕೆಲಸ. 660 ಕಿ.ಮೀ. ಆಳದಲ್ಲಿ ಒಂದು ಗಡಿ ಇದೆ ಅಂತ ನಿಮಗೆ ತಿಳಿದಿದ್ದೇ ಈ ಅಲೆಗಳಿಂದ. ನಮ್ಮೂರ ಅರೇ (ಭೂಕಂಪ ಮಾಪಕಗಳ ಜಾಲ) 1965ರಿಂದ ಕಿವಿಗೊಟ್ಟು ಕೂತಿದೆ. ನಾನು ಹಳೆಯ ದಾಖಲೆಗಳ ಮೇಲೆ ಆರು ವರ್ಷ ಕಳೆದೆ, ಒಂದು ವಜ್ರವೂ ಒಡೆಯಲಿಲ್ಲ.

ಕ್ಲಸ್ಟರ್ ಕ್ಯೂ:
ಗಡಿ ಕಂಡಿರಿ ಸರಿ, ಅಲ್ಲಿ ಯಾವ ಖನಿಜ ಇದೆ ಅಂತ ಅಲೆ ಹೇಳುತ್ತಾ?

ಗೌರಿಬಿದನೂರು ಕಡೆಯವನು:
ಅಲೆಯ ವೇಗಕ್ಕೆ ಹೊಂದದ ಖನಿಜವನ್ನು ನೀವೇ ಕೈಬಿಡುತ್ತೀರಲ್ಲ. ಕಡೆಯ ಮಾತು ಯಾರದ್ದಾಯಿತು?

ತುಮಕೂರಿನ ಹೊಸಬ:
ಮಾಣಿಕ್ಯ ಅವರೇ, ಐದು ವರ್ಷದ ಮೇಲೆ ಫೆಲೋಶಿಪ್ ವಿಸ್ತರಿಸಲು ಕೇಳಿದ್ರಾ?

ಮಾಣಿಕ್ಯದ ಚೂರು:
ಎರಡು ಸಲ ಅರ್ಜಿ ಕೊಟ್ಟೆ. ಎರಡಕ್ಕೂ ಉತ್ತರ ಬರಲಿಲ್ಲ.