ಅಪ್‌ಡೇಟ್: ಡಬಲ್ ಕ್ಲಿಕ್‌ಗೆ ತೆರೆಯದ ಎಕ್ಸೆಲ್ ಫೈಲುಗಳು ಈಗ ತೆರೆಯುತ್ತಿವೆ

ನಮ್ಮ ಹಾಲಿನ ಸಂಘದ ಲೆಕ್ಕದ ಫೈಲುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಮಾತ್ರ ತೆರೆದುಕೊಂಡು, ಒಳಗೆ ಒಂದು ಹಾಳೆಯೂ ಇಲ್ಲದೆ ಬೂದು ಬಣ್ಣದ ಖಾಲಿ ಕಿಟಕಿ ಉಳಿಯುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಸಮಸ್ಯೆ ಬಗೆಹರಿದಿದೆ.

ನೀವು ಹೇಳಿದಂತೆ ಡೀಫಾಲ್ಟ್ ಆ್ಯಪ್ ಬದಲಿಸಿ ನೋಡಿದೆ, ಎಕ್ಸೆಲ್ ತಂತ್ರಾಂಶದ ರಿಪೇರಿಯನ್ನೂ ಮಾಡಿಸಿದೆ, ಫಲ ಸಿಗಲಿಲ್ಲ. ಆದರೆ ಎಕ್ಸೆಲ್‌ನ ಒಳಗಿನಿಂದ ಫೈಲ್, ಓಪನ್ ಎಂದು ಹೋದರೆ ಅದೇ ಫೈಲು ಸಲೀಸಾಗಿ ತೆರೆಯುತ್ತಿದ್ದುದರಿಂದ ಫೈಲು ಕೆಟ್ಟಿಲ್ಲವೆಂಬುದು ಖಚಿತವಾಯಿತು. ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಮೊದಲು ಎಕ್ಸೆಲ್ ಅನ್ನು ಎಬ್ಬಿಸಿ, ಆಮೇಲೆ ಯಾವ ಫೈಲು ತೆರೆಯಬೇಕೆಂಬ ಸಂದೇಶವನ್ನು ಡಿಡಿಇ ಎಂಬ ವ್ಯವಸ್ಥೆಯ ಮೂಲಕ ಕಳುಹಿಸುತ್ತದೆ. ಆ ಸಂದೇಶವನ್ನು ಕಡೆಗಣಿಸುವ ಆಯ್ಕೆ ನಮ್ಮ ಕಂಪ್ಯೂಟರಿನಲ್ಲಿ ಚಾಲೂ ಆಗಿತ್ತು. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ, ಬಹಳ ಕೆಳಗೆ ಜನರಲ್ ಎಂಬ ವಿಭಾಗದಲ್ಲಿ 'ಇಗ್ನೋರ್ ಅದರ್ ಅಪ್ಲಿಕೇಷನ್ಸ್' ಎಂದು ಆರಂಭವಾಗುವ ಸಾಲಿನ ಟಿಕ್ ಗುರುತನ್ನು ತೆಗೆದೆ. ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವ ಮುನ್ನ ಇದನ್ನು ನೋಡುವುದು ಒಳ್ಳೆಯದು.

ಒಂದು ಫೈಲು ಮಾತ್ರ ಆಮೇಲೂ ಮೊಂಡು ಹಿಡಿದಿತ್ತು. ವಿಂಡೋಸ್‌ನ ಫೋಲ್ಡರ್ ಕಿಟಕಿಯ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ (ಫೈಲಿನ ಬಗೆ ತಿಳಿಸುವ, ಹೆಸರಿನ ಕೊನೆಯ ಅಕ್ಷರಗಳು) ತೋರಿಸುವಂತೆ ಮಾಡಿದಾಗ, ಹೆಸರು ಬದಲಿಸುವಾಗ ಕೊನೆಯ .ಎಕ್ಸ್ಎಲ್ಎಸ್ಎಕ್ಸ್ ಅಳಿಸಿಹೋಗಿದ್ದು ಕಂಡಿತು. ಅದನ್ನು ಸೇರಿಸಿದ ಕೂಡಲೇ ತೆರೆಯಿತು. ಡಿಡಿಇ ವಿಷಯ ತಿಳಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.