ಫಾಲಿ ಅನ್ನುವ ಕಟ್ಟಡಕ್ಕೆ ಕನ್ನಡದಲ್ಲಿ ಏನನ್ನೋಣ? ‘ಮರುಳು ಮಂಟಪ’ ಆದೀತಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅರ್ಜೆಂಟು.

ಮಂಗಳೂರಿನ ಹಳೇ ಬಂದರಿನ ಹತ್ತಿರ, ಗುರುಪುರ ಹೊಳೆಯ ದಂಡೆಗೆ ನಾವು ಮೂರು ಜನ ಸೇರಿ ಒಂದು ಸಣ್ಣ ಕಟ್ಟಡದ ಡಿಸೈನ್ ಮಾಡುತ್ತಿದ್ದೇವೆ. ಹತ್ತಡಿಗೆ ಹತ್ತಡಿ, ಅಷ್ಟೇ. ಮುರಕಲ್ಲಿನ ಜಗಲಿ, ನಾಲ್ಕು ಕಂಬ, ಮೇಲೆ ಹಳೇ ಮಂಗಳೂರು ಹೆಂಚು. ಒಳಗೆ ಏಳು ಮೆಟ್ಟಿಲು. ಹತ್ತಿದರೆ ಒಂದು ಕಿಟಕಿ ಚೌಕಟ್ಟು, ಅದರಾಚೆ ಕೋಣೆಯೂ ಇಲ್ಲ, ಏನೂ ಇಲ್ಲ, ಹೊಳೆ ಮತ್ತು ಆಚೆ ದಂಡೆಯ ಬೆಂಗ್ರೆಯ ತೆಂಗಿನಮರ ಮಾತ್ರ. (ಕಬ್ಬಿಣ ಬೇಡ ಅಂತ ಮೊದಲೇ ತೀರ್ಮಾನ. ಆ ಉಪ್ಪುಗಾಳಿ, ಆ ಮಳೆ, ನಿಮಗೆ ಗೊತ್ತೇ ಇದೆ.) ಯಾವ ಉಪಯೋಗಕ್ಕೂ ಅಲ್ಲದೆ ಸುಮ್ಮನೆ ನೋಡಲಿಕ್ಕೆ ಕಟ್ಟುವ ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಫಾಲಿ ಅನ್ನುತ್ತಾರೆ. ಆ ಪದಕ್ಕೆ ಮೂರ್ಖತನ ಅನ್ನುವ ಅರ್ಥವೂ ಇದೆ.

ಅರ್ಜಿಯ ಜೊತೆ ಕನ್ನಡ ವಿವರಣೆ ಕೊಡಬೇಕಿತ್ತು. ಆಫೀಸಿನ ಹುಡುಗ ಕಂಪ್ಯೂಟರಿನಲ್ಲಿ ಅನುವಾದ ಮಾಡಿಸಿ ಪ್ರಿಂಟ್ ತೆಗೆದ, ನಾನು ಓದದೆ ಸಹಿ ಹಾಕಿದೆ. ‘ನದಿ ದಂಡೆಯಲ್ಲಿ ಒಂದು ಸಣ್ಣ ಮೂರ್ಖತನವನ್ನು ನಿರ್ಮಿಸಲು ಅನುಮತಿ ಕೋರಿ’ ಅಂತ ಇತ್ತು. ಮೇಜಿನ ಆಚೆ ಕೂತವರು ಎರಡು ಸಲ ಓದಿ, “ಸಣ್ಣದಾದ್ರೆ ಪರವಾಗಿಲ್ಲ ಬಿಡಿ” ಅಂದರು.

ಈಗ ಅರ್ಥದ ವಿಷಯ. ಫ್ರೆಂಚಿನ ‘ಫೊಲಿ’ ಅಂದರೆ ಹುಚ್ಚು. ಆದರೆ ಕಟ್ಟಡದ ವಿಷಯದಲ್ಲಿ ಆ ಹುಚ್ಚು ಮೊದಲು ಕಟ್ಟಿಸಿದವನದ್ದು, ಆಮೇಲೆ ಕಟ್ಟಡಕ್ಕೆ ಅಂಟಿದ್ದು. ಸ್ಕಾಟ್ಲೆಂಡಿನ ಓಬನ್ ಅನ್ನೋ ಬಂದರು ಊರಿನಲ್ಲಿ ಜಾನ್ ಸ್ಟುವರ್ಟ್ ಮೆಕೇಗ್ ಎಂಬ ಬ್ಯಾಂಕಿನ ಮನುಷ್ಯ 1897ರಲ್ಲಿ ರೋಮ್‌ನ ಕೊಲೋಸಿಯಂ ಥರದ್ದೊಂದು ಗುಂಡನೆಯ ಗೋಡೆ ಎಬ್ಬಿಸಲು ಶುರು ಮಾಡಿದ. ಚಳಿಗಾಲದಲ್ಲಿ ಕೆಲಸವಿಲ್ಲದ ಕಲ್ಲುಕುಟಿಗರಿಗೆ ಕೂಲಿ ಸಿಗಲಿ, ತನ್ನ ಮನೆತನದ ಹೆಸರೂ ಉಳಿಯಲಿ ಅಂತ. 1902ರಲ್ಲಿ ಆತ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಒಳಗೆ ಮ್ಯೂಸಿಯಂ ಆಗಬೇಕಿದ್ದದ್ದು ಆಗಲೇ ಇಲ್ಲ. ಇವತ್ತಿಗೂ ಆ ಗುಡ್ಡದ ಮೇಲೆ 94 ಕಮಾನುಗಳ ಬರೀ ಗೋಡೆ ಇದೆ, ಅದರೊಳಗಿಂದ ಸಮುದ್ರ ಕಾಣುತ್ತದೆ. ಊರವರಿಗೆ ಅದು ‘ಮೆಕೇಗನ ಫಾಲಿ’. ಬೈಗುಳವೂ ಹೌದು, ಪ್ರೀತಿಯೂ ಹೌದು. ನನಗೆ ಬೇಕಾದದ್ದು ಈ ಎರಡೂ ಇರುವ ಪದ.

ಇನ್ನೊಂದು ಉದಾಹರಣೆ ಪ್ಯಾರಿಸ್ಸಿನ ಲಾ ವಿಲೆತ್ ಪಾರ್ಕು. ಹಳೇ ಕಸಾಯಿಖಾನೆ ಇದ್ದ ಜಾಗ, ನಡುವೆ ಕಾಲುವೆ ಹರಿಯುತ್ತದೆ. ಅಲ್ಲಿ ಬರ್ನಾರ್ಡ್ ಶುಮಿ ಎಂಬ ವಾಸ್ತುಶಿಲ್ಪಿ 120 ಮೀಟರಿಗೊಂದರಂತೆ ಕೆಂಪು ಬಣ್ಣದ ಫೊಲಿಗಳನ್ನು ಚೌಕಳಿ ಲೆಕ್ಕದಲ್ಲಿ ನೆಟ್ಟ. ಹುಚ್ಚು ಅನ್ನುವ ಅರ್ಥ ಬರಲಿ ಅಂತಲೇ ಆ ಪದ ಇಟ್ಟುಕೊಂಡ.

ನಮ್ಮಲ್ಲಿ? ‘ಮಂಟಪ’ ಅಂದರೆ ಮುಗಿಯಿತು ಅಂತ ಹೇಳಬೇಡಿ. ಮಂಟಪಕ್ಕೆ ಒಂದು ಕೆಲಸ ಇರುತ್ತದೆ. ದೇವರು ಕೂರಬೇಕು, ಇಲ್ಲ ಮದುವೆ ಆಗಬೇಕು. ಬಿಜಾಪುರದ ಹತ್ತಿರ ಕುಮಟಗಿಯಲ್ಲಿ ಆದಿಲ್ ಶಾಹಿಗಳು ನೀರಿನ ನಡುವೆ ಕಟ್ಟಿದ ಮಹಲುಗಳು ಬಹಳ ಹತ್ತಿರ ಬರುತ್ತವೆ, ಆದರೆ ಅಲ್ಲೂ ತಂಪಾಗಿ ಕೂರುವ ಸುಖ ಅನ್ನೋ ಉದ್ದೇಶ ಇತ್ತು. ಐಹೊಳೆಯ ‘ಹುಚ್ಚಿಮಲ್ಲಿ ಗುಡಿ’ಯನ್ನು ಯಾರಾದರೂ ನೆನಪಿಸಿಯೇ ನೆನಪಿಸುತ್ತೀರಿ. ಅಲ್ಲಿ ಹುಚ್ಚು ಮಲ್ಲಿಯದ್ದು, ಗುಡಿಯದ್ದಲ್ಲ.

‘ಶೋಕಿ ಕಟ್ಟಡ’ ಅಂದರೆ ದುಡ್ಡಿನ ವಾಸನೆ. ‘ತಿಕ್ಕಲು ಮಂಟಪ’ ನನಗೆ ಇಷ್ಟ, ಆದರೆ ಸಹಿ ಹಾಕುವವರಿಗೆ ಇಷ್ಟ ಆಗಲಿಕ್ಕಿಲ್ಲ. ಫಾಲಿ ಅಂತಲೇ ಇಡೋಣ ಅಂದರೆ ಜನರ ಬಾಯಲ್ಲಿ ಅದು ಪಾಳಿ ಆಗಿ, ಯಾವ ಪಾಳಿ, ರಾತ್ರಿ ಪಾಳಿಯಾ ಅಂತ ಕೇಳಿಯಾರು. ಹಾಗಂತ ಹೊರಗಿನ ಪದ ಒಗ್ಗುವುದೇ ಇಲ್ಲ ಅಂತಲ್ಲ. ಅದೇ ಹೊಳೆಯ ಬದಿಯಲ್ಲಿ ಟಿಪ್ಪು ಕಾಲದ ಸುಲ್ತಾನ್ ಬತ್ತೇರಿ ಇದೆ. ತೋಪು ಇಡುವ ಜಾಗಕ್ಕೆ ಯೂರೋಪಿನವರು ಹೇಳುತ್ತಿದ್ದ ‘ಬ್ಯಾಟರಿ’ ನಮ್ಮ ನಾಲಿಗೆಯಲ್ಲಿ ಎಷ್ಟು ಚೆನ್ನಾಗಿ ಹೊರಳಿದೆ ನೋಡಿ.

ಕೊನೆಗೆ ನಾನು ಬಂದು ನಿಂತದ್ದು ‘ಮರುಳು’ ಹತ್ತಿರ. ಜನ ಮರುಳೋ ಜಾತ್ರೆ ಮರುಳೋ ಅಂದಾಗ ಅದು ಹುಚ್ಚು. ಚೆಲುವಿಗೆ ಮರುಳಾದ ಅಂದಾಗ ಸೋತು ಹೋಗುವುದು. ಹಳಗನ್ನಡದಲ್ಲಿ ಮರುಳ್ ಅಂದರೆ ಪಿಶಾಚಿಯೂ ಹೌದು, ಸಂಜೆ ಆ ದಂಡೆಯಲ್ಲಿ ಒಬ್ಬರೇ ನಿಂತರೆ ಅದೂ ಹೊಂದುತ್ತದೆ. ಆದರೆ ಎರಡು ತೊಡಕು. ಬೆಂಗಳೂರಿನ ಗೆಳೆಯನಿಗೆ ‘ಮರುಳು ಮಂಟಪ’ ಅಂತ ಮೆಸೇಜ್ ಕಳಿಸಿದೆ, “ಮರಳಲ್ಲಿ ಕಟ್ಟಿದ್ರೆ ನಿಲ್ಲತ್ತಾ?” ಅಂತ ಉತ್ತರ ಬಂತು. ಮಂಗಳೂರಿನವರಿಗೆ ಈ ಗೊಂದಲ ಕಡಿಮೆ, ನಮಗೆ ಮರಳು ಅಂದರೆ ಹೊಯಿಗೆ, ಹೊಯಿಗೆ ಬಜಾರ್ ಅಂತ ಜಾಗವೇ ಇದೆ ಅಲ್ವಾ. ಇನ್ನು ‘ಮರುಳ ಮಂಟಪ’ ಅಂತ ಮಾಡಿದರೆ ಮರುಳಸಿದ್ಧನ ಮಂಟಪ ಅಂದುಕೊಂಡು ಯಾರಾದರೂ ಕಾಯಿ ಒಡೆಯಬಹುದು.

ಮೊನ್ನೆ ಜಾಗ ಅಳೆಯುವಾಗ ದಕ್ಕೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು “ಇದೆಂತದು ಮಾರಾಯ್ರೆ, ಎಂತಕ್ಕೆ?” ಅಂತ ಕೇಳಿದರು. “ಎಂತಕ್ಕೂ ಅಲ್ಲ, ಸುಮ್ನೆ” ಅಂದೆ. ನಕ್ಷೆಯನ್ನು ಒಮ್ಮೆ ನೋಡಿದರು. “ಹಾಗಾದ್ರೆ ಮಳೆಗೆ ಬಲೆ ಇಡ್ಲಿಕ್ಕೆ ಆಗ್ತದೆ.” ಅಲ್ಲಿಗೆ ಫಾಲಿಯ ವ್ಯಾಖ್ಯೆಯೇ ಬಿದ್ದು ಹೋಯಿತು.

ಹಾಗಾಗಿ ಎರಡು ಪ್ರಶ್ನೆ. ನಿಮ್ಮ ಊರಿನಲ್ಲಿ ಯಾರೋ ಹಠಕ್ಕೋ ಹುಚ್ಚಿಗೋ ಕಟ್ಟಿಸಿದ, ಯಾವ ಉಪಯೋಗಕ್ಕೂ ಬಾರದ ಕಟ್ಟಡ ಇದ್ದರೆ ಅದಕ್ಕೆ ಜನ ಏನು ಹೆಸರಿಟ್ಟಿದ್ದಾರೆ? ಮತ್ತೆ ‘ಮರುಳುಮಂಟಪ’ ಕೂಡಿಸಿ ಬರೆದರೆ ಮರಳಿನ ಕಾಟ ಕಡಿಮೆಯಾದೀತಾ, ಅಥವಾ ಬೇರೆ ಪದವೇ ಹುಡುಕಬೇಕಾ? ತಿದ್ದಿದ ಅರ್ಜಿ ಸೋಮವಾರ ಕೊಡಬೇಕು. ಅಲ್ಲಿಯವರೆಗೆ ‘ಸಣ್ಣ ಮೂರ್ಖತನ’ವೇ ಫೈಲಿನಲ್ಲಿದೆ.